ಡಕೋಟಾಕ್ಕೆ ಸಂಡೂರಿನ ಧೂಳು

ಧೂಳನ್ನು ಚಿಕ್ಕ ಚಿಕ್ಕ ಬಾಟಲಿಗಳಲ್ಲಿ ತುಂಬಿ, ಬಿಗಿಯಾಗಿ ಮುಚ್ಚಳ ಹಾಕಿ, ಮೇಲೆ ಊರಿನ ಹೆಸರು ಬರೆದು, ಬೀರುವಿನಲ್ಲಿಟ್ಟು ಬೀಗ ಹಾಕುವ ಮನುಷ್ಯ ಇಡೀ ಹೊಸಪೇಟೆಗೆ ಒಬ್ಬರೇ ಒಬ್ಬರಿದ್ದಾರೆ. ಅವರು ನಮ್ಮ ಸೋದರಮಾವ ಆಗಿರುವುದು ನನ್ನ ತಪ್ಪಲ್ಲ!

ನಮ್ಮ ಊರಿಗೆ ಊರೇ ಧೂಳಿನ ಜೊತೆ ಕಾದಾಡುತ್ತದೆ. ಬೆಳಿಗ್ಗೆ ಒರೆಸಿದ ಟೀಪಾಯಿಯ ಮೇಲೆ ಮಧ್ಯಾಹ್ನ ಬೆರಳಿನಿಂದ ನಿಮ್ಮ ಹೆಸರು ಬರೆಯಬಹುದು, ಸಂಜೆಯ ಹೊತ್ತಿಗೆ ತಂದೆಯ ಹೆಸರನ್ನೂ ಸೇರಿಸಬಹುದು. ಒಗೆದು ಹಾಕಿದ ಬಿಳಿ ಪಂಚೆ ಒಣಗುವಷ್ಟರಲ್ಲಿ ಕಾವಿಯಾಗಿ ಸಂನ್ಯಾಸ ತೆಗೆದುಕೊಂಡಿರುತ್ತದೆ. ಇಂಥ ಊರಿನಲ್ಲಿ ಧೂಳಿಗೆ ಬೀಗ ಹಾಕುವವರನ್ನು ಏನೆಂದು ಕರೆಯಬೇಕು, ನೀವೇ ಹೇಳಿ. ನಮ್ಮ ಅತ್ತೆ, ಅಂದರೆ ಮಾವನ ಧರ್ಮಪತ್ನಿ, ಆ ಬೀರುವಿನ ಬಗ್ಗೆ ಒಂದೇ ಮಾತು ಹೇಳುತ್ತಾರೆ: "ಕಳ್ಳರು ಬಂದ್ರ ಮೊದಲು ಅದನ್ನ ಒಡೀತಾರ. ಒಡೀಲಿ ಬಿಡು. ಮನ್ಯಾಗಿನ ಕಸಾನರ ಹೋಗ್ತೈತಿ."

ಮಾವನಿಗೆ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇದೆ. ಬೆಳಿಗ್ಗೆ ಸ್ಕೂಟರಿನಲ್ಲಿ ಹೋಗಿ, ಮಂದಿಯ ಅಕ್ಕಿಗೆಲ್ಲ ಪಾಲಿಶ್ ಮಾಡಿ, ಸಂಜೆ ತಲೆಗೂದಲಿನಲ್ಲಿ ತೌಡು ತುಂಬಿಕೊಂಡು ಮನೆಗೆ ಬರುತ್ತಾರೆ. ಇಲ್ಲಿಯವರೆಗೆ ಎಲ್ಲವೂ ಸರಿ. ಗಿರಣಿಯವರು ಸಂಜೆ ಏನು ಮಾಡುತ್ತಾರೆ? ಟೀವಿ ನೋಡುತ್ತಾರೆ, ಚಾವಡಿಯಲ್ಲಿ ಕೂತು ರಾಜಕೀಯ ಬಯ್ಯುತ್ತಾರೆ. ನಮ್ಮ ಮಾವ ಕೈಕಾಲು ತೊಳೆದು ವಿಮಾನ ಕಟ್ಟಲು ಕೂರುತ್ತಾರೆ.

ಹಾರುವ ವಿಮಾನವಲ್ಲ, ಹೆದರಬೇಡಿ. ಪ್ಲಾಸ್ಟಿಕ್ಕಿನದು. ಪೆಟ್ಟಿಗೆಯಲ್ಲಿ ಚೂರು ಚೂರಾಗಿ ಬರುತ್ತದೆ: ರೆಕ್ಕೆ ಒಂದು ಕಡೆ, ಬಾಲ ಒಂದು ಕಡೆ, ಕಡಲೆಕಾಳಿನಷ್ಟು ದಪ್ಪದ ಚಕ್ರಗಳು ಇನ್ನೊಂದು ಕಡೆ. ಅವನ್ನೆಲ್ಲ ಅಂಟಿಸಿ, ಉಜ್ಜಿ, ಬಣ್ಣ ಹೊಡೆದರೆ ನಿಜವಾದ ವಿಮಾನವನ್ನೇ ಯಾರೋ ಮಂತ್ರ ಹಾಕಿ ಮೊಳದುದ್ದಕ್ಕೆ ಇಳಿಸಿದ ಹಾಗೆ ಕಾಣಬೇಕು. ಮಾವನ ಪ್ರಕಾರ ಅಂಟಿಸುವುದು ಯಾರಿಗಾದರೂ ಬರುತ್ತದೆ. ಪ್ಲಾಸ್ಟಿಕ್ಕನ್ನು ಲೋಹ ಮಾಡುವುದಿದೆಯಲ್ಲ, ಅದು ವಿದ್ಯೆ! ಬಣ್ಣ ಬಳಿದಂತೆ ಕಾಣಬಾರದು, ಅಲ್ಯೂಮಿನಿಯಂ ತಗಡನ್ನೇ ಬಡಿದು ಕೂರಿಸಿದಂತೆ ಕಾಣಬೇಕು.

ಈಗ ನಾನು ಹೇಳಹೊರಟಿರುವುದು ಅವರ ಡಕೋಟಾದ ಕಥೆ. ಡಕೋಟಾ ಎಂಬುದು ಹಿಂದಿನ ಕಾಲದ ಎರಡು ಫ್ಯಾನಿನ ವಿಮಾನ. ಬಣ್ಣವಿಲ್ಲದ ಬರೀ ಮೈಯಲ್ಲಿ ಬೆಳ್ಳಿಯಂತೆ ಹೊಳೆಯುತ್ತಿತ್ತಂತೆ. ಆದರೆ ನಮ್ಮ ಕಡೆ ಆ ಹೆಸರಿಗೆ ಬೇರೆಯೇ ಅರ್ಥವಿದೆ. ಹಾರ್ನ್ ಒಂದು ಬಿಟ್ಟು ಉಳಿದೆಲ್ಲ ಸದ್ದು ಮಾಡುವ ಗಾಡಿಗೆ ನಾವು ಡಕೋಟಾ ಎನ್ನುತ್ತೇವೆ. ಮಾವ ಗಿರಣಿಯಲ್ಲಿ ಹೆಮ್ಮೆಯಿಂದ "ಡಕೋಟಾ ಮಾಡಾಕತ್ತೀನಿ" ಎಂದಾಗ ಗುಮಾಸ್ತ ಹೊರಗೆ ನಿಂತಿದ್ದ ಅವರ ಸ್ಕೂಟರನ್ನೊಮ್ಮೆ ನೋಡಿ, "ಒಂದು ಐತೆಲ್ರಿ ಧಣಿ, ಮತ್ತೊಂದ್ಯಾಕ?" ಎಂದನಂತೆ.

ಲೋಹದ ಬಣ್ಣಕ್ಕೆ ಮೊದಲ ಶತ್ರು ಧೂಳು. ಹೌದು, ಅದೇ ಧೂಳು! ಮೊದಲು ಮೈಗೆಲ್ಲ ಕನ್ನಡಿಯಂಥ ಕಪ್ಪು ಬಣ್ಣ ಹೊಡೆಯಬೇಕು. ಅದರ ಮೇಲೆ ಬೆಳ್ಳಿ ಬಣ್ಣವನ್ನು ಹೊಗೆಯಷ್ಟು ತೆಳ್ಳಗೆ ಊದಬೇಕು. ನಡುವೆ ಒಂದೇ ಒಂದು ಕಣ ಕೂತರೂ ಮುಗಿಯಿತು, ಮದುಮಗಳ ಮೂಗಿನ ಮೇಲೆ ಮೊಡವೆ ಎದ್ದ ಹಾಗೆ. ಹೊಸಪೇಟೆಯಲ್ಲಿ ಧೂಳಿಲ್ಲದ ಜಾಗ ಎಲ್ಲಿದೆ? ಮಾವ ಮನೆಯನ್ನೆಲ್ಲ ತಿರುಗಿ, ಆಳವಾಗಿ ಯೋಚಿಸಿ, ಕೊನೆಗೆ ಕಂಡುಹಿಡಿದರು. ಬಚ್ಚಲುಮನೆ!

ವಿಧಾನ ಹೀಗೆ. ಗೀಸರಿನ ಬಿಸಿನೀರು ಬಿಟ್ಟು ಬಚ್ಚಲ ತುಂಬ ಹಬೆ ಎಬ್ಬಿಸುವುದು. ಹಬೆ ಇಳಿಯುವಾಗ ಗಾಳಿಯಲ್ಲಿದ್ದ ಧೂಳನ್ನೂ ಕೆಳಗೆ ಇಳಿಸುತ್ತದೆ. ಆಮೇಲೆ ಮಾವ ವಿಮಾನ ಹಿಡಿದು ಒಳಗೆ ಹೋಗಿ ಚಿಲಕ ಹಾಕುವುದು. ಅಂಗಿ, ಬನಿಯನ್ ಎರಡೂ ಇಲ್ಲ, ಏಕೆಂದರೆ ಬಟ್ಟೆಯಿಂದ ನೂಲು ಉದುರುತ್ತದೆ. ಬರಿಮೈ, ಒದ್ದೆ ಲುಂಗಿ, ಬಾಯಿಗೆ ಮಾಸ್ಕು, ಕೈಯಲ್ಲಿ ಬಣ್ಣ ಊದುವ ಪೆನ್ನಿನಂಥ ಗನ್ನು. ಅದಕ್ಕೆ ಗಾಳಿ ಕೊಡುವುದು ಹಳೆಯ ಫ್ರಿಜ್ಜಿನಿಂದ ಕಿತ್ತ ಕಂಪ್ರೆಸರ್. ಹೊರಗೆ ನಿಂತವರಿಗೆ ಒಳಗೆ ಯಾರೋ ಎಮ್ಮೆಗೆ ಗೊರಕೆ ಹೊಡೆಸುತ್ತಿದ್ದಾರೆ ಎನಿಸುತ್ತದೆ.

ಹೀಗೆ ಒಂದು ಭಾನುವಾರ ಮಾವ ಒಳಗಿದ್ದಾಗ ಅತ್ತೆಯ ಅಣ್ಣ ಬುಕ್ಕಸಾಗರದಿಂದ ಬಂದರು. ಬಸ್ಸಿಳಿದು ನೇರ ಬಂದವರು. ಮುಖದಲ್ಲಿ ಅವಸರ ಎದ್ದು ಕಾಣುತ್ತಿತ್ತು. ಕೈಗೆ ಕೊಟ್ಟ ನೀರನ್ನೂ ಕುಡಿಯದೆ ಬಚ್ಚಲಿನತ್ತ ನಡೆದರು. ಬಾಗಿಲು ಹಾಕಿತ್ತು.

"ಒಳಗ ಯಾರದಾರ?"

"ವಿಮಾನ," ಎಂದರು ಅತ್ತೆ, ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ.

ಅಣ್ಣ ಗಾಬರಿಯಿಂದ ತಂಗಿಯನ್ನು ನೋಡಿದರು. ಆಮೇಲೆ ಬಾಗಿಲು ಬಡಿದರು. "ಮಾವಾರ, ಜಲ್ದಿ ಬರ್ತೀರೇನು?"

ಒಳಗಿನಿಂದ ಮಾಸ್ಕಿನ ಹಿಂದಿನ ದನಿ: "ಬಾಗಲಾ ಬಡೀಬ್ಯಾಡ್ರಿ! ಧೂಳು ಏಳ್ತೈತಿ!"

"ಇನ್ನಾ ಎಷ್ಟೊತ್ತ್ರಿ?"

"ಒಣಗಾಕತ್ತೈತ್ರಿ! ಒಂದು ತಾಸು!"

ಅಣ್ಣ ಒಂದು ತಾಸು ಎಂಬ ಮಾತನ್ನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಆ ಹೊತ್ತಿಗೆ ಅವರು ಪಕ್ಕದ ಮನೆಯ ಗೇಟು ದಾಟಿದ್ದರು. ಅಂದಿನಿಂದ ಅವರು ನಮ್ಮ ಮಾವನ ಮನೆಗೆ ಬರುವ ಮೊದಲು ಫೋನು ಮಾಡಿ, "ಇವತ್ತು ಲ್ಯಾಂಡಿಂಗ್ ಐತೇನು?" ಎಂದು ಕೇಳುತ್ತಾರೆ.

ಬಣ್ಣ ಊದಿದ ಮೇಲೆ ಅದನ್ನು ಉಜ್ಜಿ ಮಿರುಗಿಸಬೇಕಲ್ಲ. ಅದಕ್ಕೆ ಬೇಕಾದ ಸಾಮಾನುಗಳು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದಿಲ್ಲ. ಉಗುರಿಗೆ ಹೊಳಪು ಕೊಡುವ ಪಟ್ಟಿ, ಕಣ್ಣಿಗೆ ಕಪ್ಪು ತೀಡುವ ಕೂದಲೆಳೆಯಂಥ ಬ್ರಶ್ಶು, ಕೆನ್ನೆಗೆ ಪೌಡರ್ ಒತ್ತುವ ಸ್ಪಂಜು. ಅಂದರೆ ಬಜಾರಿನ ಫ್ಯಾನ್ಸಿ ಸ್ಟೋರಿಗೇ ಹೋಗಬೇಕು. ಮಾವ ಹೋದರು. ಬಳೆ, ಬಿಂದಿ, ಹೇರ್‌ಬ್ಯಾಂಡುಗಳ ನಡುವೆ ಗಿರಿಜಾ ಮೀಸೆಯ ಈ ಮನುಷ್ಯ ನಿಂತು, ಮೇಕಪ್ ಬ್ರಶ್ಶುಗಳನ್ನು ಒಂದೊಂದಾಗಿ ತಮ್ಮ ಕೆನ್ನೆಯ ಮೇಲೆ ಆಡಿಸಿ ಮೆತ್ತಗಿದೆಯೋ ಎಂದು ಪರೀಕ್ಷಿಸುವುದನ್ನು ಅಂಗಡಿಯ ಹೆಣ್ಣುಮಗಳು ನೋಡುವಷ್ಟು ನೋಡಿದಳು.

"ಮನಿಯವರಿಗೇನ್ರಿ?" ಎಂದು ಕೇಳಿದಳು.

ಹೌದು ಎಂದುಬಿಟ್ಟಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಮಾವ ಸತ್ಯವಂತರು. "ಅಲ್ಲ," ಎಂದರು.

"ಮತ್ತ್ಯಾರಿಗ್ರಿ?"

"ಡಕೋಟಾಕ್ಕ."

"ಯಾವ ಕಲರ್ ಅದಾರ್ರಿ ಅವರು? ಅದಕ್ಕ ತಕ್ಕಂಗ ಸ್ಪಂಜ್ ಕೊಡ್ತೀನಿ."

"ಬೆಳ್ಳಗ ಅದಾಳ. ಮಿಂಚ್ತಾಳ!" ಎಂದರು ಮಾವ. ವಿಮಾನದ ವಿಷಯ ಬಂದರೆ ಅವರ ಮುಖದಲ್ಲೂ ಒಂದು ಮಿಂಚು ಬರುತ್ತದೆ. ಅದನ್ನೂ ಆ ಹೆಣ್ಣುಮಗಳು ನೋಡಿದಳು.

ಹೊಸಪೇಟೆಯ ಬಜಾರಿನಲ್ಲಿ ಸುದ್ದಿಗೆ ಸ್ಕೂಟರಿಗಿಂತ ವೇಗ ಹೆಚ್ಚು. ಮಾವ ಮನೆ ತಲುಪುವ ಮೊದಲೇ ಎದುರು ಮನೆಯ ಶಾಂತಮ್ಮ ಅತ್ತೆಯ ಬಳಿ ಕೂತು ದನಿ ತಗ್ಗಿಸಿದ್ದರು. "ಹೇಳಬಾರದು ಅಂತಿದ್ದೆ. ನಿಮ್ಮವರು ಯಾವಾಕಿಗೋ ಮೇಕಪ್ ಸಾಮಾನು ಕೊಂಡ್ರಂತ. ಡಕೋಟಾ ಅಂತ ಹೆಸರಂತ. ಹಂಪಿಗೆ ಬಂದ ಫಾರಿನ್ನಾಕಿ ಇರಬೇಕು ನೋಡವಾ."

ನಾನು ಅಲ್ಲೇ ಇದ್ದೆ. ನಾನು ಪಾಠ ಮಾಡುವ ಶಾಲೆಯಿಂದ ಬರುವ ದಾರಿಯಲ್ಲೇ ಅವರ ಮನೆ, ಚಹಾ ಕುಡಿಯದೆ ಮುಂದೆ ಹೋಗುವ ಪದ್ಧತಿ ನನಗಿಲ್ಲ. ಅತ್ತೆ ಚಹಾ ಸೋಸುತ್ತ ತಣ್ಣಗೆ ಹೇಳಿದರು: "ಗೊತ್ತೈತವಾ. ಆಕಿ ನಮ್ಮ ಬಚ್ಚಲದಾಗ ಇರ್ತಾಳ. ಬಂದು ಭಾಳ ದಿನ ಆತು."

ಶಾಂತಮ್ಮ ಆ ದಿನ ಅರ್ಧ ಕಪ್ ಚಹಾ ಬಿಟ್ಟೇ ಎದ್ದು ಹೋದರು.

ಅಂತೂ ಡಕೋಟಾ ಸಿದ್ಧವಾಯಿತು. ಸುಳ್ಳು ಹೇಳುವುದಿಲ್ಲ, ನೋಡಿ ನಾನು ದಂಗಾದೆ! ಒಂದೊಂದು ತಗಡೂ ಒಂದೊಂದು ಬಗೆಯ ಬೆಳ್ಳಿ. ರೆಕ್ಕೆಯ ಬುಡದಲ್ಲಿ ಮಂಕು, ಮೂಗಿನ ಬಳಿ ಹೊಳಪು, ಎಂಜಿನ್ನಿನ ಸುತ್ತ ತುಸು ಬೆಂದಂಥ ನೀಲಿ. ಬಾಗಿ ನೋಡಿದರೆ ನನ್ನ ಮೂಗು ಅದರ ಹೊಟ್ಟೆಯಲ್ಲಿ ಕಾಣುತ್ತಿತ್ತು. ಅತ್ತೆಯೂ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ನೋಡಿ, "ಚಂದ ಐತ್ರಿ," ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ವಿಮಾನವೊಂದನ್ನು ಹೊಗಳಿದ್ದು ಅದೇ ಮೊದಲು. "ಶೋಕೇಸಿನಾಗ ಇಡೋಣ. ಬಂದವರು ನೋಡ್ಲಿ."

"ತಡಿ," ಎಂದರು ಮಾವ. "ಇನ್ನಾ ಹೊಲಸು ಮಾಡಬೇಕು."

ಅತ್ತೆಗೆ ಕೇಳಿಸಿದ್ದು ಸರಿಯೇ ಎಂಬ ಅನುಮಾನ ಬಂತು. ಸರಿಯಾಗಿಯೇ ಕೇಳಿಸಿತ್ತು. ವಿಮಾನ ಎಂದರೆ ಮಳೆ ಬಿಸಿಲಿನಲ್ಲಿ ಓಡಾಡಿದ್ದು. ಎಂಜಿನ್ನಿನ ಹೊಗೆ ರೆಕ್ಕೆಯ ಮೇಲೆ ಹರಿದಿರಬೇಕು, ಎಣ್ಣೆ ಸೋರಿರಬೇಕು, ಚಕ್ರಕ್ಕೆ ಮಣ್ಣು ಮೆತ್ತಿರಬೇಕು. ಇಲ್ಲದಿದ್ದರೆ ಅದು ಆಟಿಕೆ. ಇದಕ್ಕೆ ಇಂಗ್ಲಿಷಿನಲ್ಲಿ ವೆದರಿಂಗ್ ಎನ್ನುತ್ತಾರಂತೆ. ಅತ್ತೆ ಕನ್ನಡದಲ್ಲಿ ಬೇರೆ ಏನೋ ಅಂದರು, ಅದನ್ನು ಇಲ್ಲಿ ಬರೆಯಲಾರೆ.

ಈ ವೆದರಿಂಗ್ ಹುಚ್ಚು ಹತ್ತಿದ ಮೇಲೆ ಮಾವನ ಜೊತೆ ಎಲ್ಲಿಗೆ ಹೋಗುವುದೂ ಕಷ್ಟವಾಯಿತು. ನೆಂಟರನ್ನು ಹಂಪಿಗೆ ಕರೆದೊಯ್ದರೆ ಶಿಲ್ಪ ನೋಡುವುದಿಲ್ಲ. ಗೋಡೆಯ ಮೇಲೆ ಮಳೆನೀರು ಇಳಿದ ಕಪ್ಪು ಗೆರೆಗಳ ಮುಂದೆ ಕೈಮುಗಿದು ನಿಂತು, "ಆಹಾ, ಹೆಂಗ್ ಇಳಿಸ್ಯಾನ ನೋಡು!" ಎನ್ನುತ್ತಾರೆ. ಯಾರು ಇಳಿಸಿದ್ದು? ಮಳೆರಾಯ! ತೋರಣಗಲ್ಲಿನ ಕಾರ್ಖಾನೆಯಿಂದ ಪಾಳಿ ಮುಗಿಸಿ ಬರುವವರ ಬಸ್ಸು ನಿಂತರೆ ಜನರನ್ನು ಬಿಟ್ಟು ಬಸ್ಸಿನ ಸೈಲೆನ್ಸರಿನ ಹಿಂದೆ ಬಗ್ಗಿ ಫೋಟೋ ತೆಗೆಯುತ್ತಾರೆ.

ಎಂಜಿನ್ನಿನ ಹೊಗೆಯ ಬೂದು ಬಣ್ಣಕ್ಕೆ ಅವರು ಏನೇನೋ ಪ್ರಯತ್ನಿಸಿದರು. ಗಿರಣಿಯಿಂದ ತಂದ ಹೊಟ್ಟಿನ ಬೂದಿ ತೀರ ಕಪ್ಪಾಯಿತು. ಬಚ್ಚಲ ಗೋಡೆಗೆ ಬಳಿದು ಉಳಿದಿದ್ದ ಸುಣ್ಣ ತೀರ ಬಿಳಿಯಾಯಿತು. ಒಂದು ಬೆಳಿಗ್ಗೆ ಪೂಜೆಗೆ ಕೂತವರು ಹಣೆಗೆ ವಿಭೂತಿ ಹಚ್ಚಿಕೊಳ್ಳಲು ಮೂರು ಬೆರಳು ಎತ್ತಿ ಹಾಗೇ ಕೂತುಬಿಟ್ಟರು. ಬೆರಳು ನೋಡಿದರು. ಬೆಳಕಿಗೆ ಹಿಡಿದು ನೋಡಿದರು. ಪೂಜೆ ಅರ್ಧಕ್ಕೆ ಬಿಟ್ಟು ಎದ್ದು ಹೋದರು. ಅತ್ತೆ ಹಿಂದೆ ಹೋಗಿ ನೋಡಿದರೆ ಡಕೋಟಾದ ಎರಡೂ ಎಂಜಿನ್ನುಗಳ ಹಿಂದೆ ವಿಭೂತಿಯ ಪಟ್ಟೆ!

"ವಿಭೂತಿ ಅಂತೂ ಹಚ್ಚಿದ್ರಿ," ಎಂದರು ಅತ್ತೆ ಸೊಂಟಕ್ಕೆ ಕೈ ಕೊಟ್ಟು. "ಇನ್ನ ಅಯ್ಯನವರನ್ನ ಕರಸ್ತೀನಿ, ಲಿಂಗಾನೂ ಕಟ್ಟಿಸಿಬಿಡ್ರಿ."

ಉಳಿದದ್ದು ಚಕ್ರಕ್ಕೂ ಹೊಟ್ಟೆಗೂ ಮೆತ್ತುವ ಕೆಂಪು ಧೂಳು. ಅದಕ್ಕೆ ಸಂಡೂರಿನದೇ ಆಗಬೇಕು ಎಂದು ಮಾವ ಹಟ ಹಿಡಿದರು. ನಮ್ಮ ಹೊಸಪೇಟೆಯ ಧೂಳು ಕಲಬೆರಕೆಯಂತೆ. ಸಂಡೂರಿನದು ಅದಿರಿನ ಧೂಳು, ಅಪ್ಪಟ, ಬೆಣ್ಣೆಯ ಹಾಗೆ ಕೂರುತ್ತದಂತೆ. ಹಾಗಾಗಿ ಒಂದು ರಜೆಯ ದಿನ, ಸಂಡೂರು ನೋಡಿ ಬರೋಣ ಬಾ ಎಂದಷ್ಟೇ ಹೇಳಿ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟರು. ಊರು ಇನ್ನೂ ದೂರ ಇರುವಾಗಲೇ, ಅದಿರು ಲಾರಿಗಳು ಸಾಲುಸಾಲಾಗಿ ಹೋಗುವ ರಸ್ತೆಯ ಪಕ್ಕ ಗಾಡಿ ನಿಲ್ಲಿಸಿದರು. ಕಿಸೆಯಿಂದ ಚಮಚ, ಬ್ರಶ್ಶು, ಬಾಟಲಿ ತೆಗೆದರು. ಬೇಲಿಯ ಎಲೆಗಳ ಮೇಲಿನ ಧೂಳನ್ನು ಹಾಲಿನ ಕೆನೆ ತೆಗೆದಷ್ಟು ನಾಜೂಕಾಗಿ ಕೆರೆಯತೊಡಗಿದರು.

ಲಾರಿಗಟ್ಟಲೆ ಮಣ್ಣು ಹೋಗುವ ಆ ದಾರಿಯಲ್ಲಿ ಜನ ತಡೆದು ಪ್ರಶ್ನಿಸಿದ್ದು ಯಾರನ್ನು ಗೊತ್ತೇ? ಚಮಚ ಹಿಡಿದಿದ್ದ ನಮ್ಮ ಮಾವನನ್ನು!

ಮೊದಲು ಚಹದಂಗಡಿಯವನು ಬಂದ. "ಏನ್ ಮಾಡಾಕತ್ತೀರಿ ಸಾರ್?"

"ಧೂಳು ತಗೊಳ್ಳಾಕತ್ತೀನಿ."

"ಸ್ಯಾಂಪಲ್ಲಾ?"

ಮಾವ ಸತ್ಯವಂತರು ಎಂದು ಮೊದಲೇ ಹೇಳಿದ್ದೇನೆ. "ಹೌದು, ಸ್ಯಾಂಪಲ್ಲು. ಸರಿ ಕಂಡ್ರ ಇನ್ನೂ ಸ್ವಲ್ಪ ಒಯ್ತೀನಿ."

ಅಷ್ಟೇ ಸಾಕಾಯಿತು. ಧೂಳು ಪರೀಕ್ಷೆ ಮಾಡುವ ದೊಡ್ಡ ಸಾಹೇಬರು ಬಂದಿದ್ದಾರೆ ಎಂದು ಗುಲ್ಲೆದ್ದಿತು. ಕುರ್ಚಿ ಬಂತು. "ಕುಂದ್ರಿ ಸಾರ್, ಚಾ ತಗೋರಿ" ಎಂದರು. ನನಗೂ ಒಂದು ಕುರ್ಚಿ ಬಂತು, ನಾನು ಸಾಹೇಬರ ಅಸಿಸ್ಟೆಂಟ್ ಆಗಿದ್ದೆ. ಒಬ್ಬ ಬಂದು ಕೆಮ್ಮಿ ತೋರಿಸಿದ. ಇನ್ನೊಬ್ಬ ತನ್ನ ಬಾಳೆ ಗಿಡದ ಎಲೆಯನ್ನೇ ಕಿತ್ತು ತಂದ. ಮಾವ ಎಲ್ಲವನ್ನೂ ಗಂಭೀರವಾಗಿ ಕನ್ನಡಕ ಏರಿಸಿ ನೋಡಿ, "ಛೆ ಛೆ, ಭಾಳ ಐತಿ," ಎನ್ನುತ್ತಿದ್ದರು. ಅವರು ಮರುಗಿದ್ದು ನಿಜ. ಆದರೆ ಅವರ ಕಣ್ಣು ಬಣ್ಣದ ಮೇಲಿತ್ತು ಎಂಬುದು ನನಗೆ ಮಾತ್ರ ಗೊತ್ತಿತ್ತು!

ಕೊನೆಗೆ ಒಬ್ಬ ಮುದುಕಿ ಮೊರದ ತುಂಬ ಕೆಂಪು ಧೂಳು ಹೊತ್ತು ತಂದು ಮಾವನ ಕಾಲ ಬಳಿ ಇಟ್ಟಳು. "ತಗೋ ಯಪ್ಪಾ. ಒಂದೇ ದಿನದ ಕಸ ಇದು. ದಿನಾ ಇಷ್ಟು ಗುಡಸ್ತೀನಿ. ಒಯ್ದು ನಿಮ್ಮ ಮ್ಯಾಲಿನವರಿಗೆ ತೋರ್ಸು."

ಮಾವ ಒಂದು ಚಿಟಿಕೆ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದರು. "ಬಣ್ಣ ಮಸ್ತ್ ಐತಬೇ," ಎಂದರು. "ಆದ್ರ ದಪ್ಪ ಆತು. ದೇವರ ಫೋಟೋದ ಮ್ಯಾಲೆ ಕುಂತಿರ್ತೈತೆಲ್ಲ ಸಣ್ಣಂದು, ಅದು ಇದ್ರ ಕೊಡು."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಸ್ಕೂಟರ್ ಸ್ಟಾರ್ಟ್ ಮಾಡಿ ಇಟ್ಟುಕೊಂಡೆ. ಆದರೆ ಮುದುಕಿ ಮಾತ್ರ, ದೊಡ್ಡ ಸಾಹೇಬರಿಗೆ ದೊಡ್ಡ ಮರ್ಜಿ ಇರುತ್ತದೆ ಎಂದುಕೊಂಡಳೋ ಏನೋ, ಹೋಗಿ ಫೋಟೋ ಝಾಡಿಸಿ ತಂದು ಕೊಟ್ಟಳು. ಅದೇ ಧೂಳು ಡಕೋಟಾದ ಹೊಟ್ಟೆಗೆ ಬಿತ್ತು. ಬೆಣ್ಣೆಯ ಹಾಗೆಯೇ ಕೂತಿತು.

ಇನ್ನೇನು ವಿಮಾನ ಮುಗಿಯಿತು ಎನ್ನುವಾಗ ಎಮ್ಮಿಗನೂರಿನಿಂದ ಅಜ್ಜಿ ಬಂದರು. ಅಜ್ಜಿ ಎಂದರೆ ಅತ್ತೆಯ ತಾಯಿ. ಕಣ್ಣು ಮಂಜು, ಕೈ ಮಾತ್ರ ಚುರುಕು. ಮಗಳ ಮನೆಯಲ್ಲಿ ಸುಮ್ಮನೆ ಕೂತು ಉಣ್ಣಬಾರದು ಎಂಬುದು ಅವರ ನೇಮ. ಮಾವ ಕಂಪ್ಲಿಗೆ ಹೋಗಿದ್ದಾಗ ಅಜ್ಜಿಗೆ ಕಿಟಕಿಯ ಬಳಿ ಎಣ್ಣೆ, ಮಸಿ, ಬೂದಿ, ಕೆಮ್ಮಣ್ಣು ಮೆತ್ತಿದ ಒಂದು ಸಾಮಾನು ಕಾಣಿಸಿತು. ಅಯ್ಯೋ ಪಾಪ, ಯಾರೂ ತೊಳೆದೇ ಇಲ್ಲ!

ಸಂಜೆ ಮಾವ ಬಂದಾಗ ಡಕೋಟಾ ಅಂಗಳದಲ್ಲಿ ತೊಳೆದ ತಂಬಿಗೆಗಳ ಸಾಲಿನಲ್ಲಿ ಬೋರಲಾಗಿ ಬಿದ್ದಿತ್ತು.

"ಭಾಳ ಜಿಡ್ಡು ಹಿಡದಿತ್ತಪ್ಪ," ಎಂದರು ಅಜ್ಜಿ ತೃಪ್ತಿಯಿಂದ. "ನಾರು ಹಾಕಿ ತಿಕ್ಕೀನಿ. ಫ್ಯಾನು ಎರಡೂ ಕಿತ್ತು ಬಂದ್ವು. ಬಿಸಲಿಗೆ ಇಟ್ಟೀನಿ, ನೋಡು."

ಮಾವ ಹೆಂಡತಿಯ ತಾಯಿಗೆ ಎದುರಾಡಿದವರಲ್ಲ. ಅವರು ಕೂತು, ವಿಮಾನವನ್ನು ಎತ್ತಿ, ರೆಕ್ಕೆಯನ್ನು ಕಣ್ಣಿನ ಸಮೀಪ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಅಳುತ್ತಾರೆ ಎಂದುಕೊಂಡೆ.

"ಅವ್ವಾರ," ಎಂದರು ಕೊನೆಗೆ. "ಈ ಸಣ್ಣ ಸಣ್ಣ ಗೀರು ಹೆಂಗ ತಗದ್ರಿ?"

"ಯಾವ ಗೀರೋ ಯಪ್ಪಾ?"

"ಇಲ್ನೋಡ್ರಿ! ಖರೇ ವಿಮಾನದ ತಗಡಿನ ಮ್ಯಾಲೆ ಹಿಂಗಽ ಇರ್ತಾವು! ನಾ ವರ್ಷಾನುಗಟ್ಲೆ ಒದ್ದಾಡೀನಿ, ಬಂದಿಲ್ಲ. ಯಾವ ನಾರ್ರಿ ಅದು? ಈ ಕಡೀ ರೆಕ್ಕಿ ಬಿಟ್ಟೀರೆಲ್ಲ, ಅದನ್ನೂ ಒಂಚೂರು ತಿಕ್ಕಿ ಕೊಡ್ರಿ."

ಅಜ್ಜಿ ಇನ್ನೊಂದು ರೆಕ್ಕೆಯನ್ನೂ ತಿಕ್ಕಿ ಕೊಟ್ಟರು. ಅಲ್ಲಿಗೆ ಅತ್ತೆ ತಮ್ಮ ತವರಿನವರೂ ಕೈಬಿಟ್ಟರೆಂದು ಹಣೆ ಹಣೆ ಬಡಿದುಕೊಂಡರು.

ನಮ್ಮ ನಗೆಯೆಲ್ಲ ನಿಂತದ್ದು ಆಮೇಲೆ ಸ್ವಲ್ಪ ದಿನಕ್ಕೆ. ಅತ್ತೆ ಬುಕ್ಕಸಾಗರದ ಅಣ್ಣನ ಮನೆಗೆ ಹೋದವರು ಹಿತ್ತಲಿನ ಪಾಚಿಕಲ್ಲಿನ ಮೇಲೆ ಜಾರಿ ಬಿದ್ದರು. ತೊಡೆಯ ಎಲುಬು ಮುರಿದಿತ್ತು. ಬಳ್ಳಾರಿಯಲ್ಲಿ ಆಪರೇಷನ್ ಆಯಿತು. ಮನೆಗೆ ಬರುವಾಗ ಅತ್ತೆಯ ಜೊತೆ ಒಂದು ವಾಕರ್ ಬಂತು. ನಾಲ್ಕು ಕಾಲಿನದು, ಕರಿ ರಬ್ಬರಿನ ಹಿಡಿಯದು, ಮೈಯೆಲ್ಲ ಥಳಥಳ ಹೊಳೆಯುವ ಹೊಚ್ಚ ಹೊಸ ಅಲ್ಯೂಮಿನಿಯಮ್ಮು. ಬಣ್ಣ ಊದಿ ಮಾಡಿದ್ದಲ್ಲ, ಅಸಲಿ!

ಅತ್ತೆ ಅದನ್ನು ಮುಟ್ಟಲಿಲ್ಲ.

ನಡೆಯಲೇಬೇಕು, ಇಲ್ಲದಿದ್ದರೆ ಕಾಲು ಹಾಗೇ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿ ಕಳಿಸಿದ್ದರು. ನಾವೆಲ್ಲ ಸರದಿಯ ಮೇಲೆ ಪುಸಲಾಯಿಸಿದೆವು. ಅತ್ತೆ ಅದರ ಮೇಲೆ ಒದ್ದೆ ಟವೆಲ್ಲು ಒಣಗಿಸಿದರು, ಸೀರೆ ಹರವಿದರು, ಒಮ್ಮೆ ಹಪ್ಪಳದ ಬಟ್ಟೆಯನ್ನೂ ಹಾಕಿದರು. ಹಿಡಿಯಲಿಲ್ಲ. ಶಾಂತಮ್ಮ ನೋಡಲು ಬಂದಾಗ ಅದನ್ನು ಮಂಚದ ಹಿಂದೆ ಸರಿಸಲು ನನಗೆ ಕಣ್ಣಲ್ಲೇ ಹೇಳಿದರು. ಒಂದು ದಿನ ನಾನು ತುಸು ಜೋರು ಮಾಡಿದಾಗ ಗೋಡೆಯ ಕಡೆ ಮುಖ ಮಾಡಿ ಅಂದರು: "ಅದು ಈ ಮನಿ ಸಾಮಾನಲ್ಲವಾ. ದವಾಖಾನಿ ಎದ್ದು ನನ್ನ ಹಿಂದ ಬಂದಂಗ ಐತಿ. ಅದನ್ನ ಹಿಡದು ನಿಂತ್ರ ನಾ ಯಾರದೋ ಮನಿ ಮುದುಕಿ ಅನಸ್ತೈತಿ."

ಎದುರಾಡಿದರೆ ತಿರುಗಿ ಬಯ್ಯುತ್ತಿದ್ದ ಅತ್ತೆ ಬಯ್ಯುವುದನ್ನೂ ನಿಲ್ಲಿಸಿದ್ದರು. ಮಾವ ದಿನವಿಡೀ ಹಾಲ್‌ನಲ್ಲೇ ವಿಮಾನದ ಅಂಟು ಹರಡಿಕೊಂಡು ಕೂತು ನೋಡಿದರು, ಬಯ್ಯಲಿ ಎಂದು. ಬಯ್ಯಲಿಲ್ಲ. ಮಾವ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಹಾಕಿದರು.

ಒಂದು ಬೆಳಿಗ್ಗೆ ವಾಕರ್ ಕಾಣಲಿಲ್ಲ. ಟವೆಲ್ಲುಗಳು ಕುರ್ಚಿಯ ಮೇಲಿದ್ದವು. ವಾಪಸ್ ಕೊಟ್ಟರೇನೋ ಎಂದು ಅತ್ತೆ ಕೇಳಲಿಲ್ಲ, ಮಾವ ಹೇಳಲಿಲ್ಲ. ನಾನು ಸಂಜೆ ಹೋದಾಗ ಮಾವ ನನ್ನನ್ನು ಮಾಳಿಗೆಯ ಕೋಣೆಗೆ ಕರೆದರು.

"ನಿಮ್ಮತ್ತಿ ಅಡಿಗಿಮನಿ ಬಾಗಲದಾಗ ನಿಂತು ಮಾತಾಡ್ತಾಳೆಲ್ಲ, ಆವಾಗ ಕೈ ಎಲ್ಲಿ ಇಡ್ತಾಳ?"

ನಾನು ಎಂದೂ ಗಮನಿಸಿರಲಿಲ್ಲ. ಇಬ್ಬರೂ ಕೆಳಗೆ ಬಂದು ಅಡುಗೆಮನೆಯ ಬಾಗಿಲಿನ ಚೌಕಟ್ಟನ್ನು ನೋಡಿದೆವು. ಹಸಿರು ಎಣ್ಣೆಬಣ್ಣದ ಹಳೆಯ ಚೌಕಟ್ಟು. ಅದರ ಬಲಭಾಗದಲ್ಲಿ, ಹೆಗಲಿಗಿಂತ ತುಸು ಕೆಳಗೆ, ಹಸಿರು ಸವೆದು ಹೋಗಿತ್ತು. ಅದರ ಕೆಳಗೆ ಇನ್ನೂ ಹಳೆಯ ನೀಲಿ. ನಡುವೆ ನೀಲಿಯೂ ಸವೆದು ಕಟ್ಟಿಗೆ ಕಾಣುತ್ತಿತ್ತು. ಎಣ್ಣೆ, ಅರಿಸಿನ, ಹಿಟ್ಟಿನ ಕೈ ತಾಗಿ ತಾಗಿ ಆ ಕಟ್ಟಿಗೆ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಮಾವ ಅದರ ಮುಂದೆ ಹಂಪಿಯ ಗೋಡೆಯ ಮುಂದೆಯೂ ನಿಲ್ಲದಷ್ಟು ಹೊತ್ತು ನಿಂತರು.

ಆಮೇಲೆ ಕೆಲವು ದಿನ ಅವರು ಗಿರಣಿಗೆ ಹೋಗಲಿಲ್ಲ. ವಾಕರಿನ ಅಲ್ಯೂಮಿನಿಯಮ್ಮಿನ ಹೊಳಪನ್ನೆಲ್ಲ ತಾವೇ ಕೂತು ಉಜ್ಜಿ ತೆಗೆದರು. ಪ್ಲಾಸ್ಟಿಕ್ಕಿಗೆ ಅದೇ ಹೊಳಪು ತರಲು ಆಯುಷ್ಯ ಸವೆಸಿದ ಮನುಷ್ಯ! ರಬ್ಬರ್ ಹಿಡಿ ಕಿತ್ತು ಬಡಗಿಯಿಂದ ಕಟ್ಟಿಗೆಯ ಹಿಡಿ ಮಾಡಿಸಿ ಭದ್ರವಾಗಿ ಕೂರಿಸಿದರು. ಮೊದಲು ಕಟ್ಟಿಗೆಯ ಬಣ್ಣ, ಅದರ ಮೇಲೆ ನೀಲಿ, ಅದರ ಮೇಲೆ ಹಸಿರು. ಎಲ್ಲ ಒಣಗಿದ ಮೇಲೆ ಕಾಲು ತಾಗುವಲ್ಲಿ, ಸೀರೆ ಉಜ್ಜುವಲ್ಲಿ, ಕೈ ಹಿಡಿಯುವಲ್ಲಿ ಸವೆಸುತ್ತ ಬಂದರು. ಹಿಡಿಯ ಮೇಲೆ ಬೆಲ್ಲದ ಬಣ್ಣ ಬರುವವರೆಗೆ ಸವೆಸಿದರು.

ತಂದು ಮಂಚದ ಪಕ್ಕ ಇಟ್ಟಾಗ ಅತ್ತೆ ಹುಬ್ಬು ಗಂಟಿಕ್ಕಿದರು. "ಇದ್ಯಾರ ಮನಿ ಹಳೇದು ತಂದೀರಿ?"

"ನಮ್ಮನಿದ," ಎಂದರು ಮಾವ.

ಅತ್ತೆ ಹಸಿರನ್ನು ನೋಡಿದರು. ಹಸಿರಿನ ಕೆಳಗಿನ ನೀಲಿಯನ್ನು ನೋಡಿದರು. ಬೆರಳಿನಿಂದ ಹಿಡಿಯನ್ನು ಸವರಿದರು. ಎರಡೂ ಕೈ ಊರಿ, ಹಲ್ಲು ಕಚ್ಚಿ, ಎದ್ದು ನಿಂತರು. ನಾನು ಹಿಡಿಯಲು ಹೋದೆ, ಮಾವ ಕೈಸನ್ನೆಯಲ್ಲಿ ತಡೆದರು. ಅತ್ತೆ ಒಂದೊಂದೇ ಹೆಜ್ಜೆ ಇಟ್ಟು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು. ವಾಕರ್ ಯಾವುದು, ಚೌಕಟ್ಟು ಯಾವುದು ಎಂದು ತಟ್ಟನೆ ಗೊತ್ತಾಗುವಂತಿರಲಿಲ್ಲ. ಒಳಗೆ ಇಣುಕಿದ ಅತ್ತೆಯ ದನಿ ಇಡೀ ಮನೆಗೆ ಕೇಳಿಸಿತು.

"ಅಯ್ಯಯ್ಯ, ಇದೇನ್ರಿ ಅಡಿಗಿಮನಿ ಮಾಡಿಟ್ಟೀರಿ! ಒಲಿ ಮ್ಯಾಲೆ ಹಾಲು ಚೆಲ್ಲಿ ಎಷ್ಟ ದಿನ ಆತು? ಯಾರಿಗೂ ಕಣ್ಣಿಲ್ಲೇನು?"

ಮಾವ ಕುರ್ಚಿಯಲ್ಲಿ ಕೂ​ತು, ಎರಡೂ ಕಣ್ಣು ಮುಚ್ಚಿ, ಆ ಬೈಗುಳವನ್ನು ಪೂರ್ತಿಯಾಗಿ ಕೇಳಿದರು.

ಅದಾಗಿ ಕೆಲವು ತಿಂಗಳು ಕಳೆದಿವೆ. ಅತ್ತೆ ಈಗ ಆಸರೆಯಿಲ್ಲದೆ ಓಡಾಡುತ್ತಾರೆ, ದಣಿದಾಗ ಮಾತ್ರ ವಾಕರ್ ಹಿಡಿಯುತ್ತಾರೆ. ಮೊನ್ನೆ ನಾನು ಹೋದಾಗ ಅತ್ತೆ ನೆಲದ ಮೇಲಲ್ಲ, ಕುರ್ಚಿಯಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಮಾವ ವಾಕರನ್ನು ಬೆಳಕಿಗೆ ತಿರುಗಿಸಿ ಅದರ ಹಿಡಿಯನ್ನೇ ನೋಡುತ್ತಿದ್ದರು.

"ತಪ್ಪು ಮಾಡೀನಿ," ಎಂದರು.

ನಾನೂ ಬಗ್ಗಿ ನೋಡಿದೆ. ಅವರು ಸವೆಸಿದ್ದ ಜಾಗ ಉದ್ದವಾಗಿತ್ತು, ಅಗಲವಾಗಿತ್ತು. ಅದರೊಳಗೆ, ಒಂದು ಬದಿಗೆ, ಅತ್ತೆಯ ಕೈ ನಿಜವಾಗಿ ತಾಗಿ ಸವೆದ ಹೊಸ ಗುರುತು ಮೂಡಿತ್ತು. ಅದು ಮಾವ ಸವೆಸಿದ್ದರ ಮುಕ್ಕಾಲು ಪಾಲೂ ಇರಲಿಲ್ಲ. ಮಾವ ತಮ್ಮ ಕೈಯನ್ನು ಹಿಡಿಯ ಮೇಲೆ ಇಟ್ಟರು. ತಾವು ಸವೆಸಿದ್ದ ಜಾಗಕ್ಕೆ ಅದು ಸರಿಯಾಗಿ ಕೂತಿತು.

"ನನ್ನ ಕೈ ಅಳತಿಗೆ ಮಾಡೀನಿ ನೋಡು," ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ, "ಏ, ನಿನ್ನ ಕೈ ಇಷ್ಟು ಸಣ್ಣದೇನ?"

ಅತ್ತೆ ಸೊಪ್ಪಿನಿಂದ ತಲೆ ಎತ್ತಲಿಲ್ಲ. "ಲಗ್ನದಾಗ ಹಿಡದಿದ್ರೆಲ್ಲ. ಆವಾಗ ಗೊತ್ತಾಗಲಿಲ್ಲೇನು?"

"ಆವಾಗ ನೋಡಾಕ ಎಲ್ಲಿ ಆತು? ಸುತ್ತಾ ಮಂದಿ ಇದ್ರು."

ಅತ್ತೆ ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡರು. ಮುಂದೆ ಚಾಚಿದರು.

"ಈಗ ಮಂದಿ ಇಲ್ಲ," ಎಂದರು. "ನೋಡ್ರಿ."

ಮಂದಿ ಎಂದರೆ ಅಲ್ಲಿ ನಾನೊಬ್ಬಳೇ ಇದ್ದೆ. ಚಪ್ಪಲಿ ಮೆಟ್ಟಿಕೊಂಡು, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೊರಗೆ ಬಂದೆ.